ಕೋಲು ಹಿಡಿದ ಮೇಲೆ

"ಕೈಕಾಲು ಗಟ್ಟಿ ಇದ್ದಾಗಲೇ ಶಿವ ಕರಕೊಂಡುಬಿಡಬೇಕು, ಯಾರ ಹಂಗೂ ಬ್ಯಾಡ." ವಿಜಯಪುರ, ಬಾಗಲಕೋಟೆ ಕಡೆಯ ಯಾವ ಊರಿನ ಗುಡಿಕಟ್ಟೆಯ ಮೇಲೆ ಕೂತರೂ ಅರ್ಧ ಗಂಟೆಯೊಳಗೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹೇಳುವವರು ನೋವು ಬೇಡ ಅನ್ನುತ್ತಿಲ್ಲ. ಸಾವು ಬೇಡ ಅಂತಂತೂ ಅನ್ನುತ್ತಲೇ ಇಲ್ಲ. ಅವರಿಗೆ ಬೇಡವಾಗಿರುವುದು ಹಂಗು.

ಈ ಅಂಜಿಕೆ ಇಲ್ಲಿಯ ಮಣ್ಣಿಗೆ ಹಳೆಯದು. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಐಕ್ಯನಾದ ಬಸವಣ್ಣನೇ "ಹಲ್ಲು ಹೋಗಿ ಬೆನ್ನು ಬಾಗಿ ಅನ್ಯರಿಗೆ ಹಂಗಾಗದ ಮುನ್ನ" ಎಂದು ಎಚ್ಚರಿಸಿದ್ದಾನೆ. ಆ ವಚನದ ಸಾಲುಗಳೆಲ್ಲ 'ಮುನ್ನ'ದಲ್ಲೇ ಬಂದು ನಿಲ್ಲುತ್ತವೆ: ಕೋಲು ಹಿಡಿಯದ ಮುನ್ನ, ಮೃತ್ಯು ಮುಟ್ಟದ ಮುನ್ನ. ಕೋಲು ಹಿಡಿದ ಮೇಲೆಯೂ ಹತ್ತು-ಹದಿನೈದು ವರ್ಷ ಬದುಕುವ ಕಾಲ ಈಗಿನದು. ಆ ವರ್ಷಗಳ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

ಹಂಗು ಬೇರೆ, ಆಸರೆ ಬೇರೆ ಅಂತ ಕನ್ನಡಕ್ಕೆ ಗೊತ್ತಿದೆ. ಹಂದರಕ್ಕೆ ಹಬ್ಬಿದ ಬಳ್ಳಿಯನ್ನು ಯಾರೂ ಹಂಗಿನ ಬಳ್ಳಿ ಅನ್ನುವುದಿಲ್ಲ. ಅದೇ ನೆರವು ಹಂಗಾಗಿ ಚುಚ್ಚುವುದು ಪ್ರತಿ ಸಲ ಬಾಯಿಬಿಟ್ಟು ಕೇಳಬೇಕಾಗಿ ಬಂದಾಗ, ಕೊಡುವವರ ಪುರುಸೊತ್ತಿಗೆ ಕಾಯುತ್ತ ಕೂರಬೇಕಾದಾಗ, ತನ್ನ ಮೈ-ಮನೆಯ ವಿಷಯದಲ್ಲಿ ತನ್ನ ಮಾತೇ ನಡೆಯದಾದಾಗ. ಇವುಗಳಲ್ಲಿ ಬಹುಪಾಲನ್ನು ಒಂದು ಕುರ್ಚಿ, ಒಂದು ಚಿಲಕ, ಒಂದು ಗೊತ್ತಾದ ವೇಳೆ ಸರಿಪಡಿಸುತ್ತವೆ. ಮುಪ್ಪನ್ನು ಒಪ್ಪಿಕೊಳ್ಳುವುದು ಅಂದರೆ ದೊಡ್ಡ ಅಧ್ಯಾತ್ಮ ಅಂದುಕೊಳ್ಳುತ್ತೇವೆ. ಅದರಲ್ಲಿ ಬಡಿಗ ಮತ್ತು ಗೌಂಡಿಯ ಪಾಲೇ ಹೆಚ್ಚು.

ರೊಟ್ಟಿಯಿಂದ ಶುರು ಮಾಡೋಣ. ಐವತ್ತು ವರ್ಷ ದಿನಾಲೂ ಜೋಳದ ರೊಟ್ಟಿ ಬಡಿದ ಹೆಣ್ಣುಮಗಳಿಗೆ ಆ ಸಪ್ಪಳವೇ ತಾನು ಈ ಮನೆಯಲ್ಲಿ ಇದ್ದೇನೆ ಅನ್ನುವುದಕ್ಕೆ ಸಾಕ್ಷಿ. ಹೆಬ್ಬೆರಳಿನ ಬುಡದ ಕೀಲು ಸವೆದು ಕೈ ಸೋತಾಗ ಸೊಸೆ "ಅತ್ತಿ, ನೀವು ಸುಮ್ನ ಕೂಡ್ರಿ" ಅನ್ನುತ್ತಾಳೆ. ಪ್ರೀತಿಯ ಮಾತೇ. ಅತ್ತೆಯ ಕಿವಿಗೆ ಅದು "ಇನ್ನ ನಿಮ್ಮ ಕೆಲಸ ಮುಗೀತು" ಅಂತ ಬೀಳುತ್ತದೆ.

ಬಿಡಿಸಿ ನೋಡಿದರೆ ರೊಟ್ಟಿಯೊಳಗೆ ಏಳೆಂಟು ಕೆಲಸಗಳಿವೆ. ಜೋಳ ಹಸನು ಮಾಡುವುದು, ಹಿಟ್ಟಿನ ಜಿಗಿ ನೋಡುವುದು, ಎಸರು ಇಡುವುದು, ನಾದುವುದು, ಉಂಡೆ ಕಟ್ಟುವುದು, ಬಡಿಯುವುದು, ಹೆಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದು, ಮಗುಚಿ ಬೇಯಿಸುವುದು. ಮಣಿಕಟ್ಟಿಗೆ ಭಾರ ಬೀಳುವುದು ನಾದುವಾಗ, ಭುಜಕ್ಕೆ ಮತ್ತು ಹೆಬ್ಬೆರಳಿಗೆ ಬಡಿಯುವಾಗ. ತಲೆ ತಿರುಗುವ ಅಪಾಯ ಇರುವುದು ಒಲೆಯ ಝಳದ ಮುಂದೆ ಬಹಳ ಹೊತ್ತು ಕೂತು ಥಟ್ಟನೆ ಎದ್ದಾಗ. ಉಳಿದದ್ದಕ್ಕೆ ಬೇಕಾದದ್ದು ತಾಕತ್ತಲ್ಲ, ಹದ. ಜೋಳದಲ್ಲಿ ಗೋಧಿಯ ಅಂಟು ಇರುವುದಿಲ್ಲ, ಕುದಿಯುವ ನೀರಿಗೆ ಅದರ ಗಂಜಿ ಅರಳಿದರೇನೇ ಹಿಟ್ಟು ಕೂಡುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿಯ ಅಂಚು ಸೀಳುತ್ತದೆ. ಆಗ ಎಸರು ಎಷ್ಟು ಹೆಚ್ಚಿಸಬೇಕು, ಎಷ್ಟು ಹೊತ್ತು ನಾದಬೇಕು ಅನ್ನುವುದನ್ನು ಆ ಸವೆದ ಬೆರಳು ಮುಟ್ಟಿ ಹೇಳುತ್ತದೆ, ಸೊಸೆಯ ಬೆರಳಿಗೆ ಅದು ಇನ್ನೂ ಬಂದಿರುವುದಿಲ್ಲ. ಹಾಗಾಗಿ ಜಿಗಿ, ಎಸರು, ಉಂಡೆ ಅತ್ತೆಯ ಕಡೆಗಿರಲಿ. ನಾದುವುದು, ಬಡಿಯುವುದು ಸೊಸೆಗೆ ಅಥವಾ ಮಗನಿಗೆ (ಮಗನೂ ಬಡಿಯಬಹುದು, ಕೈ ಸವೆಯುವುದಿಲ್ಲ). ಗ್ಯಾಸ್ ಕಟ್ಟೆ ನಿಂತು ಮಾಡುವವರ ಅಳತೆಯದು, ನೆಲ ಎದ್ದೇಳಲು ಬಾರದವರಿಗೆ ಆಗದು. 28 ರಿಂದ 30 ಇಂಚು ಎತ್ತರದ ಮೇಜು, ಕೈಯಿರುವ ಕುರ್ಚಿ, ಮೇಜಿನ ಮೇಲೆ ಅಗಲ ಪರಾತ ಇಟ್ಟರೆ ಸಾಕು. ಕೈ ಬಾವು ಬಂದ ದಿನಕ್ಕೆ ಡಬ್ಬಿಯಲ್ಲಿ ಕಡಕ್ ರೊಟ್ಟಿ ಇದ್ದೇ ಇರುತ್ತದೆ.

ಒಂದು ಎಚ್ಚರಿಕೆ. ಹೊತ್ತು ಕಳೆಯಲಿ ಅಂತ ಸುಳ್ಳು ಕೆಲಸ ಹಚ್ಚಬೇಡಿ. ಆರಿಸಿದ ಶೇಂಗಾವನ್ನೇ ಮತ್ತೆ ಆರಿಸಲು ಕೊಟ್ಟರೆ ಮುದುಕರಿಗೆ ಮರುಕ್ಷಣವೇ ಗೊತ್ತಾಗುತ್ತದೆ, ಆ ಅವಮಾನ ಸುಮ್ಮನೆ ಕೂರುವುದಕ್ಕಿಂತ ದೊಡ್ಡದು.

ಇಳಕಲ್ಲ, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಈ ಹಂಚಿಕೆ ಮೊದಲಿನಿಂದಲೂ ಇದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರಲಾಗದವರು ರಾಟಿ ಹಿಡಿದು ಕಂಡಿಕೆ (ಲಾಳಿಯೊಳಗೆ ಕೂರುವ ನೂಲಿನ ಸುರುಳಿ) ಸುತ್ತುತ್ತಾರೆ. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ, ಅಂದರೆ ಮಗ್ಗ ಮುದುಕರಿಗೆ ಕಾಯುತ್ತದೆ. ಒಕ್ಕಲುತನದಲ್ಲೂ ಹೀಗೇ ಇತ್ತು: ಹಗ್ಗ ಹೊಸೆಯುವುದು, ರಾಶಿ ಕಾಯುವುದು, ಎತ್ತಿಗೆ ಮೇವು ಹಾಕುವುದು. ನೈಲಾನ್ ಹಗ್ಗ ಬಂತು, ರಾಶಿ ಮಾಡುವ ಯಂತ್ರ ಬಂತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಮುತ್ಯಾನ (ಅಜ್ಜನ) ಕೆಲಸ ಹೋದದ್ದು ಅವನ ಮಂಡಿಯಿಂದಷ್ಟೇ ಅಲ್ಲ. ಅದನ್ನು ತನ್ನ ಸೋಲು ಅಂತ ಅವನು ಎಣಿಸಿಕೊಂಡು ಕೂತಿರುತ್ತಾನೆ, ಯಾರೂ ತಿದ್ದುವುದಿಲ್ಲ.

ಮುಪ್ಪಿನ ಆರೈಕೆಯ ಬಗ್ಗೆ ಬರೆದ ಬಾರ್ಟ್ ಕೊಲೊಪಿ 1988 ರಲ್ಲಿ ಒಂದು ಗೆರೆ ಎಳೆದರು: ತೀರ್ಮಾನಿಸುವ ಸ್ವಾತಂತ್ರ್ಯ ಬೇರೆ, ಅದನ್ನು ತಾನೇ ಮಾಡುವ ತಾಕತ್ತು ಬೇರೆ. ಎರಡನೆಯದು ಹೋದ ಕೂಡಲೇ ಮೊದಲನೆಯದನ್ನೂ ಕಿತ್ತುಕೊಳ್ಳುವುದು ಮನೆಯವರ ಸಾಮಾನ್ಯ ತಪ್ಪು. ಅಂಗಿಯ ಗುಂಡಿ ಹಾಕಲು ಬಾರದು ಅಂದಮಾತ್ರಕ್ಕೆ ಯಾವ ಅಂಗಿ ಅಂತ ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ಡಾಕ್ಟರ ಮುಂದೆ ಅಪ್ಪ ಕೂತಿದ್ದರೂ ಮಗನೇ ಉತ್ತರ ಹೇಳುತ್ತಾನೆ, ಡಾಕ್ಟರರೂ ಮಗನನ್ನೇ ನೋಡಿ ಮಾತಾಡುತ್ತಾರೆ.

ಇದಕ್ಕೆ ಕೂಡಿಕೊಂಡೇ ಬರುವ ಇನ್ನೊಂದು ತಪ್ಪು ಅತಿ ನೆರವು. ಜರ್ಮನಿಯ ಮನೋವಿಜ್ಞಾನಿ ಮಾರ್ಗ್ರೆಟ್ ಬಾಲ್ಟಿಸ್ ವೃದ್ಧಾಶ್ರಮಗಳಲ್ಲಿ ಕೂತು ನೋಡಿ ದಾಖಲಿಸಿದ್ದು ಇದನ್ನೇ: ಮುದುಕರು "ನನಗಾಗದು" ಅಂದಾಗ ಸಿಬ್ಬಂದಿ ಓಡಿ ಬರುತ್ತಾರೆ, ತಾವೇ ಮಾಡಿಕೊಂಡಾಗ ಯಾರೂ ತಿರುಗಿ ನೋಡುವುದಿಲ್ಲ. ಮಾತಾಡಿಸಲಿ ಅಂತಲಾದರೂ ಮುದುಕರು ಆಗದವರಾಗುತ್ತಾರೆ. ನಮ್ಮ ಪಡಸಾಲೆಯಲ್ಲೂ ಇದು ದಿನಾ ನಡೆಯುತ್ತದೆ. ಮೈಗೂ ಇದರ ದಂಡ ಬೀಳುತ್ತದೆ. ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ 2007 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲಿನ ಮಾಂಸಖಂಡ ಹೆಚ್ಚುಕಡಿಮೆ ಒಂದು ಕಿಲೋ ಕರಗಿತ್ತು. ಜ್ವರ ಬಂದು ಹದಿನೈದು ದಿನ ಮಲಗಿದ ಅಜ್ಜಿ ಆಮೇಲೆ ಏಳುವುದೇ ಇಲ್ಲವಲ್ಲ, ಕಾರಣಗಳಲ್ಲಿ ಇದೂ ಒಂದು. ಆಗುವುದನ್ನು ಅವರೇ ಮಾಡಲಿ, ಎರಡು ಪಟ್ಟು ಹೊತ್ತು ಹಿಡಿಯಲಿ. ಕಾಯುವುದೂ ಆರೈಕೆಯೇ, ಅದೇ ಹೆಚ್ಚು ಕಷ್ಟದ್ದು.

ಈಗ ಯಾರೂ ಬಾಯಿಬಿಡದ ವಿಷಯಕ್ಕೆ ಬರೋಣ: ನೀರು. ವಿಜಯಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಪ್ಪಿನಲ್ಲಿ ಬಾಯಾರಿಕೆಯೇ ಕಡಿಮೆ ಅನಿಸುತ್ತದೆ. ಇವೆರಡರ ಮೇಲೆ ಮೂರನೆಯದಾಗಿ ಹಂಗಿನ ಲೆಕ್ಕ ಕೂಡುತ್ತದೆ. ರಾತ್ರಿ ಎರಡು ಸಲ ಮಗನನ್ನೋ ಸೊಸೆಯನ್ನೋ ಎಬ್ಬಿಸಬೇಕಲ್ಲ ಅಂತ ಆಯಿ ಮಧ್ಯಾಹ್ನದಿಂದಲೇ ನೀರು ಬಿಡುತ್ತಾಳೆ. ಕೆಲವರು ಬಿಪಿಗೆ ಕೊಟ್ಟ ನೀರಿನ ಮಾತ್ರೆಯನ್ನೂ (ಉಚ್ಚೆ ಹೆಚ್ಚು ಮಾಡಿಸುವ ಮಾತ್ರೆ) ಹೇಳದೆ ಕೇಳದೆ ನಿಲ್ಲಿಸುತ್ತಾರೆ. ಉಚ್ಚೆ ಗಾಢ ಹಳದಿ, ಉರಿ, ಮಲಬದ್ಧತೆ, ಎದ್ದಾಗ ಕಣ್ಣು ಕತ್ತಲೆ, ಒಮ್ಮೊಮ್ಮೆ ದಿಕ್ಕು ತಪ್ಪಿದ ಮಾತು. ಮನೆಯವರು "ವಯಸ್ಸಾತು, ಅರಳು-ಮರಳು" ಅನ್ನುತ್ತಾರೆ. ಬೇಕಿದ್ದದ್ದು ನಾಲ್ಕು ತಂಬಿಗೆ ನೀರು ಮತ್ತು ಒಂದು ಉಚ್ಚೆ ಪಾತ್ರೆ.

ದಿನದ ನೀರಿನ ಹೆಚ್ಚು ಭಾಗ ಸಂಜೆ ಆರರೊಳಗೆ ಮುಗಿಯಲಿ. ಒಂದೇ ಸಲ ಚೊಂಬು ಎತ್ತುವುದಕ್ಕಿಂತ ಗಂಟೆಗೊಮ್ಮೆ ಅರ್ಧ ಲೋಟ ಇಳಿಯುತ್ತದೆ. ನೀರು ಬೇಸರವಾದರೆ ಮಜ್ಜಿಗೆ, ಅಂಬಲಿ ಲೆಕ್ಕಕ್ಕೆ ಬರುತ್ತವೆ. (ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರ ಅಳತೆಯನ್ನು ಡಾಕ್ಟರೇ ಹೇಳಬೇಕು.) ಗಂಡಸರಿಗೆ ಔಷಧ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಉಚ್ಚೆ ಬಾಟಲಿ, ಹೆಂಗಸರಿಗೆ ಹಾಸಿಗೆಯ ಪಕ್ಕದಲ್ಲೇ ಮುಚ್ಚಳವಿರುವ ಕಮೋಡ್ ಕುರ್ಚಿ. ಹಾಸಿಗೆಯಿಂದ ಅಲ್ಲಿಗೆ ಒಂದು ಸಣ್ಣ ರಾತ್ರಿ ದೀಪ. ಏಳುವಾಗ ಮೊದಲು ಮಂಚದ ಅಂಚಿಗೆ ಕೂತು ಒಂದೆರಡು ನಿಮಿಷ ಪಾದ ಮೇಲೆ-ಕೆಳಗೆ ಆಡಿಸಬೇಕು. ಮಲಗಿದ್ದಾಗಿನ ಬಿಪಿಯ ಮೇಲಿನ ಅಂಕಿ ಎದ್ದು ನಿಂತ ಮೂರು ನಿಮಿಷದೊಳಗೆ 20 ಇಳಿದರೆ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು. ಪಾತ್ರೆ ಚೆಲ್ಲುವ ಕೆಲಸವನ್ನು ಬೆಳಿಗ್ಗೆ ಆರೂವರೆಗೆ ಅಂತ ಒಬ್ಬರು ಗೊತ್ತುಮಾಡಿಕೊಳ್ಳಲಿ. ವೇಳೆ ಗೊತ್ತಾದ ಮೇಲೆ ಆಯಿ ಕೇಳುವ ಪ್ರಸಂಗವೇ ಬರುವುದಿಲ್ಲ.

ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963 ರಲ್ಲಿ ದಿನನಿತ್ಯದ ಆರು ಕೆಲಸಗಳನ್ನು ಗುರುತಿಸಿದರು: ಸ್ನಾನ, ಬಟ್ಟೆ, ಪಾಯಖಾನೆ, ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕೈ ತಪ್ಪುವುದು ಸ್ನಾನ, ಕೊನೆಗೆ ಊಟ. ಬಚ್ಚಲವನ್ನು ನೋಡಿದರೆ ಕಾರಣ ತಿಳಿಯುತ್ತದೆ. ನಾಲ್ಕು ಇಂಚಿನ ಮಣೆ, ನೀರು ಬಿದ್ದು ನುಣುಪಾದ ಫರಸಿ ಕಲ್ಲು, ಹಂಡೆಯಿಂದ ಬಗ್ಗಿ ತೋಡಬೇಕಾದ ನೀರು, ಒಳಗಿನಿಂದ ಹಾಕಿಕೊಂಡ ಚಿಲಕ. ಮಣೆಯಿಂದ ಏಳುವ ಹೊತ್ತೇ ಬೀಳುವ ಹೊತ್ತು.

ಮಣೆ ತೆಗೆದು ಕಾಲಿಗೆ ರಬ್ಬರ್ ಇರುವ ಗಟ್ಟಿ ಕುರ್ಚಿ ಹಾಕಿ. ಎತ್ತರದ ಅಳತೆ ಅಂಗಡಿಯವನದಲ್ಲ, ಕೂರುವವರದು: ಮಂಡಿಯ ಹಿಂಭಾಗದಿಂದ ಅಂಗಾಲಿನವರೆಗೆ ಅಳೆದುಕೊಳ್ಳಿ. ಪಾದ ಪೂರ್ತಿ ನೆಲಕ್ಕೆ ಊರದಿದ್ದರೆ ಏಳಲಾಗದು, ಗಿಡ್ಡ ಆಯಿಗೆ 18 ಇಂಚು ಹೆಚ್ಚಾಗುತ್ತದೆ. ಬಕೆಟ್ಟನ್ನು ಒಂದು ಸ್ಟೂಲಿನ ಮೇಲಿಡಿ, ದೊಡ್ಡ ತಂಬಿಗೆ ಬಿಟ್ಟು ಅರ್ಧ ಲೀಟರಿನ ಮಗ್ಗು ಕೊಡಿ. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ, ನೆರವಿಗೆ ನಿಂತವರು ತಮ್ಮ ಮೊಣಕೈಯಿಂದ ಮುಟ್ಟಿ ನೋಡಲಿ, ಯಾಕೆಂದರೆ ಸಕ್ಕರೆ ಕಾಯಿಲೆಯಿಂದ ಪಾದದ ಅರಿವು ಹೋದವರಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಬಟ್ಟೆ ಬಿಚ್ಚುವುದು ಕೂತ ಮೇಲೆ. ಸೊಂಟಕ್ಕೆ ಒಂದು ಹಳೆಯ ಧೋತರದ ತುಂಡು ಕಡೆಯವರೆಗೂ ಇರಲಿ. ಮುಖ, ಎದೆ, ತೊಡೆ ಅವರೇ ತೊಳೆದುಕೊಳ್ಳುತ್ತಾರೆ. ಬೆನ್ನು ಮತ್ತು ಪಾದಕ್ಕೆ ಮಾತ್ರ ಇನ್ನೊಬ್ಬರ ಕೈ. ಇಷ್ಟಕ್ಕೆ ಹದಿನೈದು ನಿಮಿಷದ ಬದಲು ಅರ್ಧ ಗಂಟೆ ಬೇಕು. ಬೆತ್ತಲೆಯಾದೆ ಅನ್ನುವ ಸಂಕಟ ಮಾತ್ರ ಮುಕ್ಕಾಲು ಪಾಲು ಇಳಿಯುತ್ತದೆ.

ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಕ್ಕೆ ತೆರೆಯುವ ಬಾಗಿಲ ಹಿಂದೆ ಮನುಷ್ಯ ಬಿದ್ದರೆ ಅವನ ಮೈಯೇ ಬಾಗಿಲನ್ನು ಒತ್ತಿ ಹಿಡಿಯುತ್ತದೆ, ನೂಕಿದರೆ ಪೆಟ್ಟಾಗುತ್ತದೆ. ಚಿಲಕ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವಂಥದ್ದು ಸಿಗುತ್ತದೆ. ಚಿಲಕವನ್ನೇ ಕಿತ್ತುಹಾಕಿ ಪರದೆ ಕಟ್ಟುವ ಮನೆಗಳಿವೆ. ಸುರಕ್ಷತೆ ಬಂತು, ಮಾನ ಹೋಯಿತು. ಗೋಡೆಯ ಹಿಡಿಕೆಯನ್ನು ಇಟ್ಟಿಗೆಗೆ ತೂತು ಕೊರೆದು ಕೂರಿಸಬೇಕು. ಗಿಲಾಯಿ (ಪ್ಲಾಸ್ಟರ್) ಮತ್ತು ಟೈಲಿಗಷ್ಟೇ ಸ್ಕ್ರೂ ಬಿಟ್ಟರೆ ಜಾರಿದ ದಿನವೇ ಅದು ಕಿತ್ತು ಕೈಗೆ ಬರುತ್ತದೆ. ಟವೆಲ್ ಹಾಕುವ ಸರಳನ್ನು ಹಿಡಿಕೆ ಅಂದುಕೊಂಡರಂತೂ ಮುಗಿದೇ ಹೋಯಿತು. ಸಣ್ಣ ಪಾಯಖಾನೆಯಲ್ಲಿ ತೂತಿರುವ ಕಮೋಡ್ ಸ್ಟೂಲನ್ನು ಗುಂಡಿಯ ಮೇಲೆ ಇಡಬಹುದು, ಕೊಳ್ಳುವ ಮೊದಲು ಒಳಗಿನ ಅಗಲ ಮತ್ತು ಬಾಗಿಲಿನ ಅಗಲ ಎರಡನ್ನೂ ಅಳೆದುಕೊಳ್ಳಿ.

ಎಬ್ಬಿಸುವಾಗ ರಟ್ಟೆ ಹಿಡಿದು ಜಗ್ಗಬೇಡಿ. ಭುಜದ ಕೀಲು ತಪ್ಪುತ್ತದೆ, ಎಬ್ಬಿಸುವವರ ನಡುವೂ ಹಿಡಿಯುತ್ತದೆ. ಕುಂಡಿ ಕುರ್ಚಿಯ ಅಂಚಿಗೆ ಸರಿಯಬೇಕು, ಪಾದ ಮಂಡಿಗಿಂತ ಒಂದಿಷ್ಟು ಹಿಂದಕ್ಕೆ ಬರಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಬೇಕು. ಆಗ ಕುರ್ಚಿಯ ಕೈ ಒತ್ತಿದರೆ ಮೈ ತಾನಾಗಿ ಏಳುತ್ತದೆ. ನೆರವಿನವರು ಸೊಂಟಕ್ಕೆ ಸುತ್ತಿದ ದಟ್ಟಿಯನ್ನು ಹಿಡಿದರೆ ಸಾಕು. "ಒಂದು, ಎರಡು, ಮೂರು" ಅಂತ ಎಣಿಸುವವರು ಏಳುವವರೇ ಆಗಿರಲಿ.

ಕೋಲಿನ ಬಗ್ಗೆ ಚುಟುಕಾಗಿ. ಆಸ್ಪತ್ರೆಯ ಕೋಲು ಒಲ್ಲೆ ಅನ್ನುವ ಮುತ್ಯಾ "ನಾಯಿ ಹೊಡ್ಯಾಕ" ಅಂತ ಬಡಿಗೆ ಹಿಡಿಯಲು ತಕರಾರು ಮಾಡುವುದಿಲ್ಲ. ನೆಪ ಇರಲಿ, ಅಳತೆ ಸರಿಯಿರಲಿ. ದಿನದ ಚಪ್ಪಲಿ ಮೆಟ್ಟಿ ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರಬೇಕು. ಕುರಿಗಾಯುವವರ ಉದ್ದ ಬಡಿಗೆ ಮಂಡಿಯ ಭಾರ ಇಳಿಸುವುದಿಲ್ಲ. ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿದು, ಆ ಕಾಲಿನ ಜೊತೆಗೇ ಮುಂದಿಡಬೇಕು. ಎಲ್ಲರೂ ಇದನ್ನು ತಿರುವುಮುರುವು ಮಾಡುತ್ತಾರೆ. ತುದಿಯ ರಬ್ಬರಿನ ಗೆರೆ ಸವೆದು ನುಣುಪಾದ ದಿನ ಬದಲಿಸಬೇಕು, ಬೆಳಗಾವಿಯ ಮಳೆಗಾಲದಲ್ಲಂತೂ ತಡಮಾಡಬಾರದು.

ರೊಕ್ಕದ ಹಂಗು ಎಲ್ಲಕ್ಕಿಂತ ಸೂಕ್ಷ್ಮ. ಸರ್ಕಾರದ ಮುಪ್ಪಿನ ಪಿಂಚಣಿ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ ಸಣ್ಣ ಮೊತ್ತ, ಆದರೆ ಮೊಮ್ಮಗನ ಕೈಗೆ ಹತ್ತು ರೂಪಾಯಿ ಇಡುವ ಅಜ್ಜಿ ಮನೆಯಲ್ಲಿ ಬೇರೆಯೇ ಅಜ್ಜಿ. ಆ ಖಾತೆಯ ಎಟಿಎಂ ಪಿನ್ನು ಮನೆಯವರಿಗೆಲ್ಲ ಗೊತ್ತಿರುವುದು ನೆರವಲ್ಲ. ಜಂಟಿ ಖಾತೆ ಮಾಡುವಾಗ 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಅಂತ ಬರೆಸಿದರೆ ಮಗ ಯಾವಾಗ ಬೇಕಾದರೂ ತೆಗೆಯಬಹುದು. 'ಮೊದಲನೆಯವರು ಅಥವಾ ಉಳಿದವರು' ಅಂತಿದ್ದರೆ ಅಪ್ಪ ಇರುವವರೆಗೂ ಅಪ್ಪನದೇ ಸಹಿ. ಕೈ ನಡುಗಿ ಸಹಿ ಕೂಡದಿದ್ದರೆ ಇಬ್ಬರು ಸಾಕ್ಷಿಗಳ ಎದುರು, ಅವರಲ್ಲೊಬ್ಬರು ಬ್ಯಾಂಕಿನವರು, ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಅವಕಾಶವಿದೆ. ಐವತ್ತು ವರ್ಷ ಸಹಿ ಮಾಡಿದ ಮಾಸ್ತರರಿಗೆ ಹೆಬ್ಬೆಟ್ಟು ಅಂದರೆ ಎದೆ ಕುಗ್ಗುತ್ತದೆ. ಹೊಸ ಸಹಿಯ ಮಾದರಿ ಕೊಡುವುದನ್ನು ಮೊದಲು ಪ್ರಯತ್ನಿಸಿ. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೆ ಬೆರಳಚ್ಚು ಬೀಳದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು, ಹೊಲದಲ್ಲಿ ದುಡಿದ ಬೆರಳಿನ ಗೆರೆಗಳು ಯಂತ್ರಕ್ಕೆ ಕಾಣುವುದು ಕಡಿಮೆ.

ಹೊಲ-ಮನೆಯನ್ನು ಇದ್ದಾಗಲೇ ಬರೆದುಕೊಡುವ ಆತುರ ನಮ್ಮ ಕಡೆ ಹೆಚ್ಚು. ಕೊಡಲೇಬೇಕೆಂದರೆ ದಾನಪತ್ರದಲ್ಲಿ 'ನನ್ನ ಊಟ, ವಸತಿ, ಔಷಧ ನೋಡಿಕೊಳ್ಳುವ ಷರತ್ತಿನ ಮೇಲೆ' ಎಂಬ ಮಾತು ಅಕ್ಷರದಲ್ಲೇ ಇರಲಿ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007 ರ ಕಾಯ್ದೆಯ 23 ನೇ ಕಲಮು ಆ ಷರತ್ತು ಮುರಿದರೆ ದಾನವನ್ನು ರದ್ದು ಮಾಡಿಸಲು ದಾರಿ ಕೊಡುತ್ತದೆ. ಷರತ್ತು ಬರೆಯದಿದ್ದರೆ ವಾದ ಕುಂಟುತ್ತದೆ. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಯ ಕಚೇರಿಗೆ: ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ, ಬಾಗಲಕೋಟೆ, ಜಮಖಂಡಿ, ವಿಜಯಪುರ, ಇಂಡಿ. ಅಲ್ಲಿಗೆ ಹೋಗುವ ಮುನ್ನ ಒಂದು ಮಾತು ಕೇಳಬೇಕೆಂದರೆ ಹಿರಿಯರ ಸಹಾಯವಾಣಿ 14567 ಇದೆ. ಷರತ್ತು ಬರೆಸುವುದು ಮಗನ ಮೇಲಿನ ಅಪನಂಬಿಕೆ ಅಲ್ಲವೇ ಅಂತ ಕೇಳುವವರಿದ್ದಾರೆ. ಬಾವಿಗೆ ಕಟ್ಟೆ ಕಟ್ಟಿಸಿದವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಇಷ್ಟರ ನಡುವೆ ನೆರವು ಕೊಡುವ ಕೈ ಯಾರದು ಅನ್ನುವುದನ್ನು ಮರೆಯಬಾರದು. ಬಹಳಷ್ಟು ಸಲ ಅದು ಸೊಸೆಯದು, ಒಂದು ಕಾಲಕ್ಕೆ ಸೊಂಟದ ಕೀಲಿಕೈ ಗೊಂಚಲು ಅಲ್ಲಾಡಿಸಿ ಆಳಿದ ಅತ್ತೆ ಈಗ ಅವಳ ಕೈ ನೋಡಬೇಕು. ಇಬ್ಬರಿಗೂ ಕಷ್ಟ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಫೋನಿನಲ್ಲಿ "ಅವ್ವನ್ನ ಛಲೋ ನೋಡ್ಕೋರಿ" ಅಂದರೆ ಸಾಲದು, ವರ್ಷಕ್ಕೆ ಹದಿನೈದು ದಿನ ಬಂದು ಬಚ್ಚಲದ ಕೆಲಸವನ್ನೂ ಹಿಡಿಯಬೇಕು. ಒಕ್ಕಲುತನದವರಿಗೆ ಮುಯ್ಯಾಳಿನ ಲೆಕ್ಕ ಗೊತ್ತಿದೆ: ಇವತ್ತು ನಿನ್ನ ಹೊಲಕ್ಕೆ ನಾ, ನಾಳೆ ನನ್ನ ಹೊಲಕ್ಕೆ ನೀ. ಆಯುಷ್ಯವಿಡೀ ಮುಯ್ಯಿ ಮಾಡಿದವನು ಮುಪ್ಪಿನಲ್ಲಿ ಮಾತ್ರ ತಾನು ಎಂದೂ ಯಾರನ್ನೂ ಕರೆಯದವನಂತೆ ಮಾತಾಡುತ್ತಾನೆ. ನಮ್ಮ ನೆಲ ಕಾಯಕವನ್ನು ಹೊಗಳಿದಷ್ಟೇ ದಾಸೋಹವನ್ನೂ ಹೊಗಳಿದೆ, ದಾಸೋಹಕ್ಕೆ ಉಣ್ಣುವವರೂ ಬೇಕು. ಮಠದ ಪಂಕ್ತಿಯಲ್ಲಿ ತಲೆಯೆತ್ತಿ ಉಣ್ಣುವ ಮನುಷ್ಯ ಮಗ ತಂದಿಟ್ಟ ತಾಟಿನ ಮುಂದೆ ತಲೆ ತಗ್ಗಿಸುವುದು ನನಗೆ ಇವತ್ತಿಗೂ ಒಗಟು.

ಕೊನೆಗೆ ಪಟಕದ, ಅಂದರೆ ತಲೆಗೆ ಸುತ್ತುವ ರುಮಾಲಿನ ವಿಷಯ. ಭುಜ ಬಿಗಿದು ಕೈ ತಲೆಯ ಮೇಲೆ ಏಳದಾದಾಗ ಮುತ್ಯಾಂದಿರು ಮೊದಲು ಬಿಡುವುದು ಪಟಕವನ್ನೇ. ಅದು ಬಿಟ್ಟ ಮೇಲೆ ಜಾತ್ರೆಗೂ ಮದುವೆಗೂ "ನಾ ಒಲ್ಲೆ, ನೀವು ಹೋಗಿ ಬರ್ರಿ" ಶುರುವಾಗುತ್ತದೆ. ಮನೆಯವರು ಟೋಪಿ ತಂದುಕೊಡುತ್ತಾರೆ, ಅದು ಗೂಟಕ್ಕೆ ತೂಗುತ್ತ ಉಳಿಯುತ್ತದೆ. ಅದರ ಬದಲು ಹೀಗೆ ಮಾಡಿ. ಕನ್ನಡಿಯ ಎದುರು ಕುರ್ಚಿ ಹಾಕಿ ಕೂರಿಸಿ. ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಉದ್ದಕ್ಕೆ ಹುರಿಮಾಡಿ. ಒಂದು ತುದಿಯನ್ನು ಅವರ ಕೈಗೇ ಕೊಡಿ, ಕಿವಿಯ ಹತ್ತಿರ ಒತ್ತಿ ಹಿಡಿಯಲು ಭುಜ ಏಳಬೇಕಾಗಿಲ್ಲ. ಸುತ್ತುವವರು ಕುರ್ಚಿಯ ಸುತ್ತ ತಿರುಗಲಿ, ಮುದುಕನ ತಲೆ ತಿರುಗಿಸಬೇಡಿ. ಬಿಗಿ ಎಷ್ಟು ಅಂತ ಪ್ರತಿ ಸುತ್ತಿಗೂ ಅವರೇ ಹೇಳುತ್ತಾರೆ, ಹೇಳದಿದ್ದರೆ ಬೈಯುತ್ತಾರೆ. ಬೈಯಲಿ. ಚುಂಗನ್ನು ಎಡಕ್ಕೆ ಬಿಡಬೇಕೋ ಬಲಕ್ಕೆ ಬಿಡಬೇಕೋ ಅಂತ ಮಾತ್ರ ಕೇಳಿಯೇ ಬಿಡಿ.